ಬದರಿಗೆ ಹೋಗುವಾಗ ಜೋಶಿಮಠದಲ್ಲಿ ತಂಗಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವಳು. ಅಪ್ಪನಿಗೆ 68 ವರ್ಷ, ಬಿಪಿಗೆ ದಿನಾ ಮಾತ್ರೆ ತಗೋತಾರೆ. ಅಮ್ಮನಿಗೆ 63, ಆಸ್ತಮಾ ಇದೆ, ಇನ್ಹೇಲರ್ ಬಳಸುತ್ತಾರೆ, ಮಂಡಿ ನೋವೂ ಇದೆ. ಶ್ರಾವಣದಲ್ಲಿ ಬದರಿನಾಥನ ದರ್ಶನ ಮಾಡಬೇಕು ಅನ್ನೋದು ಅಪ್ಪನ ಆಸೆ. ಟ್ರಾವೆಲ್ಸ್‌ನವರು ಬೆಳಗಿನ ಜಾವ ಋಷಿಕೇಶ ಬಿಟ್ಟು ಅದೇ ದಿನ ರಾತ್ರಿಯೊಳಗೆ ಬದರಿ ತಲುಪಿಸ್ತೀವಿ ಅಂತಾರೆ. ನನಗೆ ನಡುವೆ ಜೋಶಿಮಠದಲ್ಲಿ ಎರಡು ರಾತ್ರಿ ಇದ್ದು, ಅದರ ಮೇಲಿರುವ ಔಲಿ ಬೆಟ್ಟ ನೋಡಿಕೊಂಡು ನಿಧಾನವಾಗಿ ಹೋಗೋಣ ಅನ್ನಿಸುತ್ತದೆ. ಆದರೆ ಚಿಕ್ಕಪ್ಪ "ಆ ಊರು ಕುಸೀತಾ ಇದೆ, ಒಂದು ರಾತ್ರಿನೂ ಮಲಗಬೇಡಿ" ಅಂತ ಹೆದರಿಸಿದ್ದಾರೆ. ಪಕ್ಕದ ಮನೆಯವರು ಕರ್ಪೂರ ಮೂಸಿದರೆ ಉಸಿರಾಟದ ತೊಂದರೆಯೇ ಬರಲ್ಲ, ಒಂದೆರಡು ಆಕ್ಸಿಜನ್ ಕ್ಯಾನ್ ಇಟ್ಕೊಳ್ಳಿ ಅಂದರು. ಡಯಾಮಾಕ್ಸ್ ಅನ್ನೋ ಮಾತ್ರೆ ಕೊಡಬಹುದಾ? ಅಲ್ಲಿವರೆಗೆ ಹೋದ ಮೇಲೆ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ ಸರೋವರಕ್ಕೂ ಹೋಗಿ ಬರಬಹುದಾ?

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ, ಟ್ರಾವೆಲ್ಸ್‌ನವರದು ಸರಿಯಿಲ್ಲ. ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ನಿಜ ಇದೆ, ಆದರೆ ಅವರು ಹೆದರಬೇಕಾದ ಜಾಗ ಬೇರೆ. ಶ್ರಾವಣ ಮಾತ್ರ ಬೇಡ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಾನು ಫಿಸಿಷಿಯನ್. ಯಾತ್ರೆಗೆ ಹೊರಡುವ ಹಿರಿಯರನ್ನು ಪರೀಕ್ಷೆ ಮಾಡಿ ಕಳಿಸುತ್ತೇನೆ, ಕೆಲವು ಗುಂಪುಗಳ ಜೊತೆ ಹೋಗಿಯೂ ಬಂದಿದ್ದೇನೆ. ನೆಲ ಕುಸಿಯುವುದು ನನ್ನ ವಿಷಯವಲ್ಲ. ಆದರೆ ಬರುವವರೆಲ್ಲ ಮೊದಲು ಕೇಳುವುದು ಅದನ್ನೇ, ಹಾಗಾಗಿ ಓದಿ ತಿಳಿದುಕೊಳ್ಳಲೇಬೇಕಾಯಿತು.

ಜೋಶಿಮಠ ಇರುವುದು ಗಟ್ಟಿ ಬಂಡೆಯ ಮೇಲಲ್ಲ. ಎಂದೋ ಜಾರಿ ಬಂದ ಗುಡ್ಡದ ಮಣ್ಣು, ಮರಳು, ಕಲ್ಲುಗುಂಡುಗಳ ರಾಶಿಯ ಮೇಲೆ. ಇದನ್ನು 1976ರಲ್ಲೇ ಸರ್ಕಾರದ ಮಿಶ್ರಾ ಸಮಿತಿ ಬರೆದಿತ್ತು. ಭಾರೀ ಕಟ್ಟಡ ಕಟ್ಟಬೇಡಿ, ಸಿಡಿಮದ್ದು ಬಳಸಬೇಡಿ, ಇಳಿಜಾರಿನ ಬಂಡೆಗಳನ್ನು ಕೀಳಬೇಡಿ, ಮರ ಕಡಿಯಬೇಡಿ ಅಂದಿತ್ತು. ಊರು ಬೆಳೆಯುತ್ತಲೇ ಹೋಯಿತು. ಹೋಟೆಲ್ ಬಂದವು, ರಸ್ತೆ ಅಗಲವಾಯಿತು, ಆದರೆ ಕೊಳಚೆ ನೀರು, ಮಳೆ ನೀರು ಸರಿಯಾಗಿ ಹರಿದುಹೋಗುವ ವ್ಯವಸ್ಥೆ ಆಗಲಿಲ್ಲ. ಬಚ್ಚಲ ನೀರೂ ಮಳೆ ನೀರೂ ಅದೇ ಸಡಿಲ ಮಣ್ಣಿಗೆ ಇಂಗುತ್ತದೆ. ಕೆಳಗೆ ವಿಷ್ಣುಪ್ರಯಾಗದಲ್ಲಿ ಧೌಲಿಗಂಗಾ ಬಂದು ಅಲಕನಂದಾ ಸೇರುತ್ತದೆ, ಆ ನದಿಗಳು ಗುಡ್ಡದ ಬುಡವನ್ನು ಕೊರೆಯುತ್ತಲೇ ಇರುತ್ತವೆ. 2023ರ ಜನವರಿ ಮೊದಲ ವಾರದಲ್ಲಿ ಮಾರವಾಡಿ ಅನ್ನುವ ಭಾಗದಲ್ಲಿ ನೆಲದೊಳಗಿಂದ ಕೆಸರು ನೀರು ಉಕ್ಕಿತು. 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಂಡಿತು, ಒಂದಕ್ಕೊಂದು ವಾಲಿದ ಎರಡು ಹೋಟೆಲ್‌ಗಳನ್ನು ಕೆಡವಬೇಕಾಯಿತು. ಉಪಗ್ರಹ ಚಿತ್ರ ನೋಡಿದ ಇಸ್ರೋ ಕೇಂದ್ರವು 12 ದಿನದಲ್ಲಿ ನೆಲ 5.4 ಸೆಂಟಿಮೀಟರ್ ಇಳಿದಿದೆ ಅಂತ ಲೆಕ್ಕ ಕೊಟ್ಟಿತ್ತು. ತಪೋವನ–ವಿಷ್ಣುಗಡ ಜಲವಿದ್ಯುತ್ ಯೋಜನೆಯ ಸುರಂಗವೇ ಕಾರಣ ಅಂತ ಊರಿನ ಬಹಳ ಜನ ಹೇಳುತ್ತಾರೆ, ಯೋಜನೆಯವರು ಇಲ್ಲ ಅನ್ನುತ್ತಾರೆ. ಆ ಜಗಳ ಮುಗಿದಿಲ್ಲ.

ಅಂದರೆ ಚಿಕ್ಕಪ್ಪ ಕೇಳಿದ ಸುದ್ದಿ ಸುಳ್ಳಲ್ಲ. ಆದರೆ 'ಕುಸಿತ' ಅಂದ ಕೂಡಲೇ ಇಡೀ ಊರು ಒಂದೇ ರಾತ್ರಿ ಕೆಳಕ್ಕೆ ಹೋಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ನಡೆದದ್ದು ಹಾಗಲ್ಲ. ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಸರಿಯಿತು, ಗೋಡೆ ಬಿರುಕು ಬಿಟ್ಟಿತು, ಜನರನ್ನು ಬೇರೆ ಕಡೆಗೆ ಸಾಗಿಸಿದರು. ಹಾನಿಯೂ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಸುನೀಲ್, ಮನೋಹರಬಾಗ್, ಸಿಂಗಧಾರ್, ಗಾಂಧಿನಗರ, ಮಾರವಾಡಿ ಕಡೆ ಜಾಸ್ತಿ, ಉಳಿದ ಕಡೆ ಕಡಿಮೆ. ಈ ಕಷ್ಟ ನಿಜವಾಗಿ ಬಿದ್ದಿರುವುದು ಅಲ್ಲಿ ಸಾಲ ಮಾಡಿ ಮನೆ ಕಟ್ಟಿದವರ ತಲೆ ಮೇಲೆ. ಎರಡು ರಾತ್ರಿ ಮಲಗಿ ಹೋಗುವ ಯಾತ್ರಿಕರಿಗೆ ಇದರಿಂದ ಆಗುವ ಅಪಾಯ ತೀರ ಕಡಿಮೆ. ಬುಕ್ ಮಾಡುವ ಮುನ್ನ ಹೋಟೆಲ್ ಯಾವ ವಾರ್ಡಿನಲ್ಲಿದೆ, ಬಿರುಕು ಬಿಟ್ಟ ಕಟ್ಟಡಗಳ ಪಟ್ಟಿಯಲ್ಲಿ ಇತ್ತಾ ಅಂತ ಫೋನಿನಲ್ಲೇ ಕೇಳಿ. ಎರಡು ಮಹಡಿಯ ಸಣ್ಣ ಕಟ್ಟಡ ಸಿಕ್ಕರೆ ಅದೇ ವಾಸಿ. ಎರಡು ದಿನ ಎಡೆಬಿಡದೆ ಮಳೆ ಸುರಿದರೆ ಅಲ್ಲಿ ನಿಲ್ಲಬೇಡಿ. ಹುಡುಕುವಾಗ ಜ್ಯೋತಿರ್ಮಠ ಅನ್ನುವ ಹೆಸರೂ ಕಾಣಿಸಬಹುದು. 2024ರಿಂದ ತಾಲ್ಲೂಕಿಗೆ ಅದೇ ಹೆಸರು. ಶಂಕರಾಚಾರ್ಯರು ಸ್ಥಾಪಿಸಿದರು ಅನ್ನುವ ನಾಲ್ಕು ಮಠಗಳಲ್ಲಿ ನಮ್ಮ ಶೃಂಗೇರಿ ಒಂದಾದರೆ ಇದು ಇನ್ನೊಂದು.

ಇನ್ನೊಂದು ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅಲ್ಲಿನ ನರಸಿಂಹ ದೇವರ ವಿಗ್ರಹದ ಒಂದು ಕೈ ಸಣ್ಣಗಾಗುತ್ತಾ ಬರುತ್ತಿದೆ, ಅದು ಮುರಿದ ದಿನ ಬದರಿಯ ದಾರಿ ಮುಚ್ಚುತ್ತದೆ, ಆಮೇಲೆ ಭವಿಷ್ಯ ಬದರಿ ಅನ್ನುವ ಇನ್ನೊಂದು ದೇವಸ್ಥಾನದಲ್ಲಿ ಪೂಜೆ ಅಂತ ಹಳೆಯ ನಂಬಿಕೆ. 2023ರ ನಂತರ ಈ ಮಾತು ವಾಟ್ಸಾಪ್‌ನಲ್ಲಿ ಬಹಳ ಓಡಾಡಿತು. ನಂಬಿಕೆಯ ಬಗ್ಗೆ ನಾನು ಏನೂ ಹೇಳಲ್ಲ. ಚಳಿಗಾಲದಲ್ಲಿ ಬದರಿ ಬಾಗಿಲು ಹಾಕಿದ ಮೇಲೆ ಪೂಜೆ ನಡೆಯುವುದು ಇದೇ ದೇವಸ್ಥಾನದಲ್ಲಿ, ತಪ್ಪದೆ ನೋಡಿ. ಅದು ಮುಖ್ಯ ರಸ್ತೆಯಿಂದ ಕೆಳಗಿದೆ. ಅಮ್ಮನ ಮಂಡಿಗೆ ಇಳಿಯುವುದೇ ಕಷ್ಟ, ಒಂದು ಕೋಲು ಇರಲಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಜೋಶಿಮಠದ ಎತ್ತರ ಸುಮಾರು 1,900 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಹೆಚ್ಚುಕಡಿಮೆ ಅಷ್ಟೇ, 1,930. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗವೇ ಇಲ್ಲ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಜಾಗದಷ್ಟು ಮೇಲೆ ಆ ಪೇಟೆ ಇದೆ. ಬದರಿನಾಥ ಅಲ್ಲಿಂದ 45 ಕಿಲೋಮೀಟರ್, ಆದರೆ ಎತ್ತರ ಸುಮಾರು 3,100 ಮೀಟರ್. ಋಷಿಕೇಶ 400 ಮೀಟರ್ ಕೂಡ ಇಲ್ಲ. ಟ್ರಾವೆಲ್ಸ್‌ನವರು ಹೇಳುವ ಹಾಗೆ ಹೋದರೆ ನಿಮ್ಮ ಅಪ್ಪ ಅಮ್ಮ ಒಂದೇ ದಿನದಲ್ಲಿ ಎರಡೂವರೆ ಸಾವಿರ ಮೀಟರ್‌ಗಿಂತ ಹೆಚ್ಚು ಏರಿ, ಸುಸ್ತಾಗಿ, ಅಲ್ಲೇ ಮಲಗಬೇಕು.

ಮೇಲೆ ಹೋದಂತೆ ಗಾಳಿಯಲ್ಲಿ ಆಕ್ಸಿಜನ್ ಇರಲ್ಲ ಅಂತಾರೆ. ಪೂರ್ತಿ ಸರಿಯಲ್ಲ. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ 21 ಪರ್ಸೆಂಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಬದರಿಯಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡ 70ರ ಆಸುಪಾಸು. ಒಂದು ಉಸಿರಿಗೆ ದೇಹಕ್ಕೆ ಸಿಗುವ ಆಕ್ಸಿಜನ್ ಅಷ್ಟು ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ನಾಡಿ ವೇಗವಾಗುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಆದರೆ ಅದಕ್ಕೆ ಒಂದೆರಡು ದಿನ ಬೇಕು. ಆ ದಿನಗಳನ್ನು ಕೊಡದೆ 2,500 ಮೀಟರ್ ದಾಟಿ ಮಲಗಿದವರಲ್ಲಿ ಕೆಲವರಿಗೆ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಇದು ವಯಸ್ಸು ನೋಡಿ ಬರುವುದಿಲ್ಲ. ಜಿಮ್‌ಗೆ ಹೋಗುವ ಮೊಮ್ಮಗ ಮಲಗಿಬಿಟ್ಟು, ಅಜ್ಜಿ ಆರಾಮಾಗಿ ದರ್ಶನ ಮಾಡಿ ಬಂದದ್ದನ್ನು ನೋಡಿದ್ದೇನೆ. ಯಾವುದು ಮುಖ್ಯ ಅಂದರೆ ಎಷ್ಟು ಬೇಗ ಏರಿದಿರಿ, ಎಲ್ಲಿ ಮಲಗಿದಿರಿ ಅನ್ನುವುದು.

ಅದಕ್ಕೇ ಜೋಶಿಮಠ ಬೇಕು. ಒಂದು ದಿನ ಋಷಿಕೇಶದಿಂದ ಅಲ್ಲಿಗೆ, ಸುಮಾರು 250 ಕಿಲೋಮೀಟರ್ ಘಾಟಿ. ಇಡೀ ದಿನ ಹಿಡಿಯುತ್ತದೆ. ಮಾರನೇ ದಿನ ಔಲಿಗೆ ಹೋಗಿ, ಎರಡು ಮೂರು ಗಂಟೆ ಇದ್ದು, ರಾತ್ರಿಗೆ ಜೋಶಿಮಠಕ್ಕೆ ಇಳಿದುಬಿಡಿ. ಔಲಿ 2,500ರಿಂದ 3,000 ಮೀಟರ್. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯ ಅಭ್ಯಾಸ. ನೀವು ಸುಮ್ನೆ ನೋಡೋಕೆ ಅಂತ ಹಾಕಿಕೊಂಡ ಔಲಿ ಔಷಧದಷ್ಟೇ ಕೆಲಸ ಮಾಡುತ್ತದೆ. ಅಲ್ಲಿಗೆ ಹೋಗುವ ರೋಪ್‌ವೇಯನ್ನು 2023ರ ಜನವರಿಯಲ್ಲಿ ನಿಲ್ಲಿಸಿದರು. ಅದನ್ನು ನಂಬಿಕೊಳ್ಳದೆ ಟ್ಯಾಕ್ಸಿ ಮಾಡಿ, ರಸ್ತೆ ಇದೆ. ಮೂರನೇ ದಿನ ಬೆಳಗ್ಗೆ ಬದರಿಗೆ ಹೊರಡಿ. ಬೇಗ ಹೊರಟರೆ ದರ್ಶನ ಮುಗಿಸಿ ಸಂಜೆಗೆ ವಾಪಸ್ ಬರಲೂ ಆಗುತ್ತದೆ. ಅಮ್ಮನ ಆಸ್ತಮಾ ಈಚೆಗೆ ಜಾಸ್ತಿಯಾಗಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಅಪ್ಪನಿಗೆ ಬದರಿಯಲ್ಲೇ ಒಂದು ರಾತ್ರಿ ಇರಬೇಕು, ಬೆಳಗಿನ ಪೂಜೆ ನೋಡಬೇಕು ಅನ್ನುವ ಆಸೆ ಇದ್ದರೆ ಒಂದು ರಾತ್ರಿ ಇರಲಿ.

ಜೋಶಿಮಠದಲ್ಲಿ ಮಲಗಲು ಮನಸ್ಸು ಒಪ್ಪದಿದ್ದರೆ ಪೀಪಲ್‌ಕೋಟಿಯಲ್ಲಿ ತಂಗಬಹುದು, ಸುಮಾರು 35 ಕಿಲೋಮೀಟರ್ ಮೊದಲೇ ಸಿಗುತ್ತದೆ. ಆದರೆ ಅದರ ಎತ್ತರ 1,300 ಮೀಟರ್ ಅಷ್ಟೇ. ಮಾರನೇ ದಿನದ ಏರು ಹೆಚ್ಚಾಗುತ್ತದೆ. ಬೇರೆ ದಾರಿಯೇ ಇಲ್ಲ ಅಂದಾಗ ಅದು ಸಾಕು, ಒಂದೇ ದಿನದಲ್ಲಿ ಬದರಿ ಮುಟ್ಟುವುದಕ್ಕಿಂತ ಎಷ್ಟೋ ಮೇಲು. ಹೆಲಿಕಾಪ್ಟರ್‌ನಲ್ಲಿ ಹೋದರೆ ಘಾಟಿಯ ಸುಸ್ತು ಇರಲ್ಲ, ಆದರೆ ದೇಹ ಹೊಂದಿಕೊಳ್ಳಲು ಸಮಯವೇ ಸಿಗಲ್ಲ. ಅದೇ ದಿನ ಇಳಿಯುವುದಾದರೆ ಪರವಾಗಿಲ್ಲ, ಅಲ್ಲಿ ಮಲಗುವುದಾದರೆ ಬೇಡ.

ದಾರಿಯಲ್ಲಿ ಆಗುವ ವಾಂತಿಗೂ ಎತ್ತರದಿಂದ ಬರುವ ವಾಂತಿಗೂ ವ್ಯತ್ಯಾಸ ಗೊತ್ತಿರಲಿ. ಜನ ಎಡವುವುದು ಇಲ್ಲೇ. ಘಾಟಿ ತಿರುವಿನ ವಾಂತಿ ಗಾಡಿಯಲ್ಲಿ ಶುರುವಾಗಿ, ಇಳಿದು ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಎತ್ತರದ್ದು ತಲುಪಿ ಐದಾರು ಗಂಟೆ ಕಳೆದ ಮೇಲೆ, ಹೆಚ್ಚಾಗಿ ಆ ರಾತ್ರಿಯೇ, ತಲೆನೋವಿನ ಜೊತೆ ಬರುತ್ತದೆ. ಇನ್ನೊಂದು ತಲೆನೋವು ನೀರು ಕುಡಿಯದೆ ಬರುವುದು. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ಹೆಂಗಸರು ಬೆಳಗ್ಗೆಯಿಂದ ನೀರೇ ಮುಟ್ಟಲ್ಲ. ನಿಮ್ಮ ಅಮ್ಮನೂ ಹಾಗೇ ಮಾಡುತ್ತಾರೆ ಅಂದುಕೊಂಡೇ ಹೊರಡಿ. ಎರಡು ಗಂಟೆಗೊಮ್ಮೆ ಒಳ್ಳೆಯ ಹೋಟೆಲ್ ಹತ್ತಿರ ಗಾಡಿ ನಿಲ್ಲಿಸಬೇಕು ಅಂತ ಡ್ರೈವರ್‌ಗೆ ಮೊದಲೇ ಹೇಳಿ. ಕಾಲಾಡಿಸಿದರೆ ಮಂಡಿಗೂ ಒಳ್ಳೆಯದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ.

ಮೇಲೆ ಹೋದ ಮೇಲೆ ತಲೆನೋವು ಬಂದರೆ ನೀರು, ವಿಶ್ರಾಂತಿ, ಒಂದು ಪ್ಯಾರಾಸಿಟಮಾಲ್. ಹೋಗದಿದ್ದರೆ ಅದು ಎತ್ತರದ್ದೇ ಅಂತ ತಿಳಿಯಿರಿ, ಇನ್ನೂ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಕೆಮ್ಮಿದಾಗ ನೊರೆ, ತುಟಿ ನೀಲಿಯಾಗುವುದು ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ತೂರಾಡುವುದು, ಮಾತು ತೊದಲುವುದು, ತಾನೆಲ್ಲಿದ್ದೇನೆ ಅಂತ ಗೊತ್ತಾಗದಿರುವುದು ಮಿದುಳಿನ ಊತದ ಲಕ್ಷಣ. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿ. ಆಗಲಿಲ್ಲವೆಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅಲ್ಲಿನ ಆಸ್ಪತ್ರೆಗೆ ಕರೆದೊಯ್ದು ಆಕ್ಸಿಜನ್ ಹಾಕಿಸಿ, ಆಗುವಷ್ಟು ಬೇಗ ಕೆಳಗಿಳಿಸಿ. 108ಕ್ಕೋ 112ಕ್ಕೋ ಫೋನ್ ಮಾಡಿ. ಇಳಿಯುವುದೇ ನಿಜವಾದ ಮದ್ದು.

ಶ್ರಾವಣ ಬೇಡ ಅಂದದ್ದು ಇದಕ್ಕೇ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿ ಮಳೆಗಾಲ. ಶ್ರೀನಗರ, ರುದ್ರಪ್ರಯಾಗದ ನಡುವಿನ ಸಿರೋಬಗಡ, ಪೀಪಲ್‌ಕೋಟಿ ಆಚೆಯ ಪಾಗಲ್ ನಾಲಾ, ಪಾಂಡುಕೇಶ್ವರ ದಾಟಿದ ಮೇಲೆ ಲಾಂಬಗಡ ಇವೆಲ್ಲ ಮಳೆ ಬಂದರೆ ಗುಡ್ಡ ಜರಿಯುವ ಜಾಗಗಳು. ಈ ಶ್ರೀನಗರ ಕಾಶ್ಮೀರದ್ದಲ್ಲ, ಗಢವಾಲದ್ದು. ರಸ್ತೆ ಕೆಲವು ಗಂಟೆ ಮುಚ್ಚಬಹುದು, ಕೆಲವು ದಿನವೂ ಮುಚ್ಚಬಹುದು. ಬದರಿಯಿಂದ ಇಳಿಯಲು ಇರುವುದು ಅದೊಂದೇ ರಸ್ತೆ. ಬಿಸಿಲಿರುವ ದಿನ ಉಸಿರು ಕಟ್ಟಿದರೆ ಎರಡು ಮೂರು ಗಂಟೆಯಲ್ಲಿ ಜೋಶಿಮಠದ ಆಸ್ಪತ್ರೆ ಮುಟ್ಟಬಹುದು. ಲಾಂಬಗಡದಲ್ಲಿ ಗುಡ್ಡ ಬಿದ್ದ ದಿನ ಅದು ಆಗಲ್ಲ. ಇನ್ನೂ ದೊಡ್ಡ ಆಸ್ಪತ್ರೆ ಬೇಕಾದರೆ ಶ್ರೀನಗರದ ಮೆಡಿಕಲ್ ಕಾಲೇಜು ಅಥವಾ ಋಷಿಕೇಶದ ಏಮ್ಸ್, ಅದಕ್ಕೂ ಇದೇ ದಾರಿ. ಚಿಕ್ಕಪ್ಪ ಹೆದರಬೇಕಾದದ್ದು ಇದಕ್ಕೆ. ಜೋಶಿಮಠದ ಗೋಡೆ ಬಿರುಕಿಗಿಂತ ಮಳೆಗಾಲದ ಈ ರಸ್ತೆಯೇ ನನ್ನ ನಿದ್ದೆ ಕೆಡಿಸುತ್ತದೆ.

ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಆಕಾಶ ತಿಳಿಯಾಗಿರುತ್ತದೆ, ಹಿಮದ ಬೆಟ್ಟಗಳು ಚೆನ್ನಾಗಿ ಕಾಣುತ್ತವೆ. ಬದರಿಯಲ್ಲಿ ರಾತ್ರಿ ಚಳಿ ಮಾತ್ರ ವಿಪರೀತ. ಮೇ, ಜೂನ್ ಮೊದಲ ಭಾಗವೂ ಆಗುತ್ತದೆ, ಆದರೆ ಜನಜಂಗುಳಿ, ಗಂಟೆಗಟ್ಟಲೆ ಕ್ಯೂ. ಅಪ್ಪನಿಗೆ ಶ್ರಾವಣವೇ ಆಗಬೇಕು ಅಂದರೆ ಶ್ರಾವಣದಲ್ಲಿ ಮನೆಯಲ್ಲಿ ಸಂಕಲ್ಪ ಮಾಡಿಸಿ, ದಸರಾ ಹೊತ್ತಿಗೆ ಹೊರಡಿ. ನನ್ನ ಬಳಿ ಬಂದ ಹಿರಿಯರಲ್ಲಿ ಈ ಮಾತಿಗೆ ಒಪ್ಪದವರು ಕಡಿಮೆ.

ಕರ್ಪೂರದ ವಿಷಯ. ಮೂಸಿದರೆ ಮೂಗು ತೆರೆದ ಹಾಗೆ ತಣ್ಣಗೆ ಅನ್ನಿಸುತ್ತದೆ, ರಕ್ತದಲ್ಲಿ ಆಕ್ಸಿಜನ್ ಒಂದಿಷ್ಟೂ ಏರಲ್ಲ. ಆಸ್ತಮಾ ಇರುವವರಿಗೆ ಆ ಘಾಟು ವಾಸನೆಯೇ ಉಬ್ಬಸ ತರಿಸಬಹುದು, ಅಮ್ಮನಿಗೆ ಬೇಡವೇ ಬೇಡ. ಜೊತೆಗೆ ಮಕ್ಕಳಿದ್ದರೆ ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ, ಹೊಟ್ಟೆಗೆ ಹೋದರೆ ಅದು ವಿಷ. ಆಕ್ಸಿಜನ್ ಕ್ಯಾನ್ ಕೆಲವು ನಿಮಿಷಕ್ಕೆ ಖಾಲಿಯಾಗುತ್ತದೆ. ಅದು ಕೈಯಲ್ಲಿದೆ ಅನ್ನುವ ಧೈರ್ಯದಲ್ಲಿ ಜನ ಇಳಿಯುವುದನ್ನು ಮುಂದೂಡುತ್ತಾರೆ, ನನಗೆ ಅದರ ಮೇಲಿನ ಸಿಟ್ಟು ಅದೇ. ಆ ದುಡ್ಡಿಗೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ತಗೊಳ್ಳಿ. ಮನೆಯಲ್ಲಿ 97 ತೋರಿಸುವುದು ಬದರಿಯಲ್ಲಿ 90ರ ಆಸುಪಾಸು ತೋರಿಸಿದರೆ ಗಾಬರಿ ಬೇಡ, ಅಲ್ಲಿ ಅದು ಮಾಮೂಲು. ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ನೋಡಿ. ಜೊತೆಯವರಿಗಿಂತ ಒಬ್ಬರದು ಬಹಳ ಕೆಳಗಿದ್ದು, ಮೈಗೂ ಹುಷಾರಿಲ್ಲ ಅಂದರೆ ಮಾತ್ರ ಚಿಂತೆ.

ಡಯಾಮಾಕ್ಸ್ ಅಂದರೆ ಅಸಿಟಜೋಲಮೈಡ್, ಎತ್ತರದಿಂದ ಬರುವ ತೊಂದರೆ ತಡೆಯಲು ಕೊಡುವ ಮಾತ್ರೆ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಜೋಶಿಮಠದಲ್ಲಿ ಎರಡು ರಾತ್ರಿ ಇದ್ದು ಹೋಗುವವರಿಗೆ ಹೆಚ್ಚಾಗಿ ಬೇಕಾಗುವುದಿಲ್ಲ. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಎರಡೂ ಸೇರಿ ಪೊಟ್ಯಾಸಿಯಂ ಇಳಿಸಬಹುದು. ಕಿಡ್ನಿ ತೊಂದರೆ, ಸಲ್ಫಾ ಔಷಧಕ್ಕೆ ಅಲರ್ಜಿ ಇದ್ದರೂ ಯೋಚನೆ ಮಾಡಬೇಕು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬೇಡಿ, ಅಪ್ಪನನ್ನು ನೋಡುವ ಡಾಕ್ಟರ್ ಹತ್ತಿರವೇ ಮಾತ್ರೆಯ ಚೀಟಿ ತೋರಿಸಿ ಕೇಳಿ. ನಿದ್ದೆ ಮಾತ್ರೆ ಮಾತ್ರ ಮೇಲೆ ಬೇಡ, ರಾತ್ರಿ ಉಸಿರಾಟ ಇನ್ನೂ ತಗ್ಗುತ್ತದೆ.

ಹೊರಡುವ ಮುನ್ನ ಅಪ್ಪನ ಬಿಪಿ ಹತೋಟಿಯಲ್ಲಿರಬೇಕು. ಎತ್ತರದಲ್ಲಿ ಮೊದಲ ದಿನಗಳು ಅದು ಸ್ವಲ್ಪ ಏರುತ್ತದೆ, ಮಾತ್ರೆ ತಪ್ಪಿಸಬಾರದು. ಎರಡು ಮಹಡಿ ಹತ್ತಿದರೆ ಎದೆ ಹಿಡಿಯುತ್ತದಾ, ಏದುಸಿರು ಬರುತ್ತದಾ ನೋಡಿ. ಬಂದರೆ ಮೊದಲು ಹೃದಯದ ಪರೀಕ್ಷೆ, ಆಮೇಲೆ ಟಿಕೆಟ್. ಬದರಿಯ ತಪ್ತಕುಂಡದ ನೀರು 45 ಡಿಗ್ರಿಯಷ್ಟು ಬಿಸಿ. ಬಿಪಿ ಮಾತ್ರೆ ತಗೊಂಡವರು ಅದರಲ್ಲಿ ಬಹಳ ಹೊತ್ತು ಕೂತು ತಟ್ಟನೆ ಎದ್ದರೆ ತಲೆ ಸುತ್ತಿ ಬೀಳುತ್ತಾರೆ. ಎರಡು ಮೂರು ನಿಮಿಷ ಸಾಕು, ಕೈ ಹಿಡಿದುಕೊಂಡು ನಿಧಾನವಾಗಿ ಎಬ್ಬಿಸಿ, ತಕ್ಷಣ ಮೈ ಒರೆಸಿ. ಅಮ್ಮ ದಿನದ ಇನ್ಹೇಲರ್ ಬಿಡಬಾರದು. ಉಬ್ಬಸ ಬಂದಾಗ ಬಳಸುವುದನ್ನು ಬ್ಯಾಗಿನಲ್ಲಿಡದೆ ಸ್ವೆಟರ್ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಲಿ. ತಣ್ಣಗಾದ ಇನ್ಹೇಲರ್‌ನಿಂದ ಔಷಧ ಸರಿಯಾಗಿ ಬರಲ್ಲ. ಮೂಗು ಬಾಯಿಗೆ ಮಫ್ಲರ್ ಸುತ್ತಿದರೆ ಚಳಿಗಾಳಿ ನೇರ ಎದೆಗೆ ಹೋಗಲ್ಲ.

ಹೇಮಕುಂಡ ಅಪ್ಪ ಅಮ್ಮನಿಗೆ ಬೇಡ. ದಾರಿಯಲ್ಲಿ ತಂಗುವ ಘಾಂಗರಿಯಾ ಅನ್ನುವ ಹಳ್ಳಿಯಿಂದ ಮೇಲೆ ಸುಮಾರು ಆರು ಕಿಲೋಮೀಟರ್ ಕಡಿದಾದ ಏರು, ಸರೋವರ ಇರುವುದು 4,300 ಮೀಟರ್‌ಗೂ ಮೇಲೆ. ಕುದುರೆ ಸಿಗುತ್ತದೆ, ನಿಜ. ಕುದುರೆ ಮಂಡಿಯನ್ನು ಉಳಿಸುತ್ತದೆ, ಉಸಿರನ್ನಲ್ಲ. ನೀವೊಬ್ಬರೇ ಹೋಗುವುದಾದರೆ ಬದರಿಯ ನಂತರ ಹೋಗಿ, ಮಳೆ ಕೋಟು, ಒಣ ಬಟ್ಟೆ ಬೆನ್ನ ಮೇಲೇ ಇರಲಿ. 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದ ಒಂಬತ್ತು ಜನ ತೀರಿಕೊಂಡರು. ಬೇಸಿಗೆ ಅಂತ ಆ ಎತ್ತರದ ಹವೆಯನ್ನು ನಂಬಬಾರದು. ನೀವು ಹೋದ ದಿನ ಅಪ್ಪ ಅಮ್ಮ ಜೋಶಿಮಠದಲ್ಲೇ ಇರಲಿ, ಆದರೆ ಅವರ ಜೊತೆ ಹಿಂದಿ ಬರುವ ಒಬ್ಬರಾದರೂ ಇರಬೇಕು.

ಟ್ರಾವೆಲ್ಸ್‌ನವರಿಗೆ ನೇರವಾಗಿ ಹೇಳಿ: ಹೋಗುವಾಗ ಜೋಶಿಮಠದಲ್ಲಿ ಎರಡು ರಾತ್ರಿ, ಕತ್ತಲಾದ ಮೇಲೆ ಘಾಟಿಯಲ್ಲಿ ಓಡಿಸಬಾರದು. ಇದಕ್ಕೆ ಒಪ್ಪದವರನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ, ಆನ್‌ಲೈನ್‌ನಲ್ಲೇ ಆಗುತ್ತದೆ, ನೀವೇ ಮಾಡಿಕೊಳ್ಳಿ. ಮಾತ್ರೆಗಳು ಒಂದು ವಾರದಷ್ಟು ಹೆಚ್ಚಿಗೆ ಇರಲಿ. ವಾಪಸ್ ಬರುವ ವಿಮಾನದ ಟಿಕೆಟ್ ಮಾಡುವಾಗ ಋಷಿಕೇಶ ತಲುಪುವ ದಿನಕ್ಕೂ ಅದಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ. ಮಳೆಗಾಲ ಮುಗಿದ ಮೇಲೂ ಒಮ್ಮೊಮ್ಮೆ ರಸ್ತೆ ಮುಚ್ಚುತ್ತದೆ. ವಿಮಾನ ತಪ್ಪುತ್ತದೆ ಅನ್ನುವ ಆತುರದಲ್ಲಿ ರಾತ್ರಿ ಘಾಟಿ ಇಳಿಯುವ ಹಾಗೆ ಆಗಬಾರದು.